ಕಂಬಕ್ಕೆ ಹೇಳಿದ ಮಾತು

ಭಾವನವರ ಜೊತೆ ನಾನು ನೇರವಾಗಿ ಮಾತಾಡಿದ್ದು ಒಂದೇ ಸಲ. ಮದುವೆಯಾಗಿ ಮೂವತ್ತೊಂದು ವರ್ಷ ಕಳೆದ ಮೇಲೆ, ಜಗಲಿಯ ತುಂಬ ಜನ ಕೂತಿದ್ದಾಗ. ಅದಕ್ಕೆ ಮುಂಚೆ ನಮ್ಮಿಬ್ಬರ ನಡುವೆ ಮಾತೇ ಇರಲಿಲ್ಲ ಅಂತಲ್ಲ. ದಿನಕ್ಕೆ ಹತ್ತು ಮಾತು ಇರುತ್ತಿತ್ತು. ಹತ್ತೂ ಕಂಬದ ಮೂಲಕ.

ಕಿರಿಯ ಸೊಸೆ ಗಂಡನ ಅಣ್ಣನ ಮುಖ ನೋಡಿ ಮಾತಾಡಬಾರದು ಎಂಬುದು ಈ ಮನೆಯ ಕಟ್ಟಳೆ. ನಾನು ಬಂದ ಮೊದಲ ವಾರವೇ ಅತ್ತೆ ಒಲೆಯ ಮುಂದೆ ಕೂರಿಸಿಕೊಂಡು ಹೇಳಿಕೊಟ್ಟಿದ್ದರು.

“ನೋಡಮ್ಮ ಗುರುಶಾಂತಿ, ಸಿದ್ದಮಲ್ಲಪ್ಪಂಗೆ ಏನಾರಾ ಹೇಳ್ಬೇಕು ಅಂದ್ರೆ ನಿನ್ ಗಂಡನ ಕೈಲಿ ಹೇಳ್ಸು. ಅವನಿಲ್ದೆ ಇದ್ರೆ ಕಂಬದ ಕಡೆ ತಿರುಗ್ಕಂಡು ಹೇಳು. ಅವನಿಗೆ ಕೇಳಿಸ್ತದೆ.”

ನಾನು ಹಾಗೆಯೇ ನಡೆದುಕೊಂಡೆ. ನಮ್ಮ ಹೊಲ ಹನಗೋಡಿನಿಂದ ಎರಡು ಮೈಲಿ ಆಚೆ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಹೊಲದ ತುದಿಯಲ್ಲೇ ಇದೆ. ಅದಕ್ಕೆ ಅಂಟಿಕೊಂಡಂತೆ ಸೊಪ್ಪು ಕಟ್ಟುವ ಶೆಡ್ಡು, ಶೆಡ್ಡಿನ ನಡುವೆ ಒಂದು ಕಲ್ಲುಕಂಬ. ದಾರ ಮುಗಿದರೆ ಆ ಕಂಬಕ್ಕೆ ಹೇಳುತ್ತಿದ್ದೆ. ಆಳುಗಳು ನಾಳೆ ಬರುವುದಿಲ್ಲ ಅಂದರೆ ಆ ಕಂಬಕ್ಕೆ. ಭಾವನವರು ಹತ್ತು ಹೆಜ್ಜೆ ಆಚೆ ಕೂತು ವೀಳ್ಯದೆಲೆಗೆ ಸುಣ್ಣ ಸವರುತ್ತಿರುತ್ತಿದ್ದರು. ಅವರೂ ನನ್ನ ಕಡೆ ತಿರುಗದೆ ಗಾಳಿಗೆ ಹೇಳುವಂತೆ, “ದಾರ ಬೇಕೇನೋ, ಹುಣಸೂರಿಗೆ ಹೋದಾಗ ತರ್ಬೇಕು” ಅನ್ನುತ್ತಿದ್ದರು. ಕೆಲಸ ನಡೆಯುತ್ತಿತ್ತು. ಮೂವತ್ತು ವರ್ಷದಲ್ಲಿ ಒಂದು ದಿನವೂ ನಿಂತಿರಲಿಲ್ಲ.

ಭಾವನವರ ಹೆಂಡತಿ ಮಂಗಳಗೌರಿ ಅಕ್ಕನಿಗೆ ಇದು ದೊಡ್ಡ ತಮಾಷೆ. “ಆ ಕಂಬಕ್ಕೆ ನಿಮ್ಮಿಬ್ರು ಸುದ್ದಿ ಕೇಳೀ ಕೇಳೀ ಕಿವಿ ಮೊಳ್ತಿರ್ಬೇಕು ಕಣಮ್ಮಿ. ಒಂದಿನ ಬಾಯೂ ಬಂದ್ಬುಟ್ರೆ ನಮ್ಮನೆ ಮಾನ ಹರಾಜು” ಅಂತ ಆಳುಗಳ ಮುಂದೆ ಹೇಳಿ ನಗಿಸುತ್ತಿದ್ದಳು. ನಾನೂ ನಗುತ್ತಿದ್ದೆ. ಊರಿನಲ್ಲಿ ಈ ಕಟ್ಟಳೆ ಉಳಿದಿದ್ದ ಮನೆಗಳು ಕಮ್ಮಿಯಾಗಿದ್ದವು. ಹಾಗಾಗಿ ಅದನ್ನು ಇಟ್ಟುಕೊಂಡವಳು ಅಂತ ನನಗೆ ಒಂದು ಹೆಸರೂ ಇತ್ತು. ಆ ಹೆಸರಿನ ಮೇಲೆ ನನಗೆ ಆಸೆ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ.

ಬ್ಯಾರನ್ ಅಂದರೆ ಎತ್ತರದ ಇಟ್ಟಿಗೆ ಕೋಣೆ. ಹೊರಗಡೆ ಒಲೆಯ ಬಾಯಿ. ಅಲ್ಲಿ ಸೌದೆ ಉರಿಸಿದರೆ ಉರಿಯೂ ಹೊಗೆಯೂ ಹಾಯ್ದು ಒಳಗೆ ನೆಲದ ಮೇಲೆ ಮಲಗಿಸಿರುವ ತಗಡಿನ ದಪ್ಪ ಪೈಪುಗಳು ಕಾಯುತ್ತವೆ. ಆ ಬಿಸಿಗೆ ಮೇಲೆ ಸಾಲುಸಾಲಾಗಿ ಕಡ್ಡಿಗೆ ಕಟ್ಟಿ ನೇತುಹಾಕಿದ ಎಲೆ ಹಣ್ಣಾಗಿ ಒಣಗುತ್ತದೆ. ಐದಾರು ದಿನದ ಕೆಲಸ. ಮೊದಲು ಎಲೆ ಹಳದಿಯಾಗಲು ಸಣ್ಣ ಉರಿ, ಆಮೇಲೆ ಬಣ್ಣ ನಿಲ್ಲಿಸಲು ನಡು ಉರಿ, ಕೊನೆಗೆ ಎಲೆಯ ದಂಟು ಒಣಗಿಸಲು ಜೋರು ಉರಿ. ಕೊನೆಯ ದಿನ ಒಳಗಿರುವುದೆಲ್ಲ ಹಪ್ಪಳದಂತೆ ಆಗಿರುತ್ತದೆ. ಒಂದು ಕಿಡಿ ಬಿದ್ದರೆ ಮುಗಿಯಿತು.

ನಮ್ಮ ಬ್ಯಾರನ್ನಿಗೆ ಉರಿ ಹಾಕುತ್ತಿದ್ದವನು ಅಂತರಸಂತೆಯ ಮಾದೇಶ. ಒಂಬತ್ತು ವರ್ಷದಿಂದ ಸೊಪ್ಪಿನ ಕಾಲಕ್ಕೆ ಹೆಂಡತಿ ಶೃತಿಯನ್ನು ಕರೆದುಕೊಂಡು ಬಂದು, ಬ್ಯಾರನ್ ಪಕ್ಕದ ಕೋಣೆಯಲ್ಲಿ ಮೂರು ತಿಂಗಳು ಇದ್ದು ಹೋಗುತ್ತಿದ್ದ. ಒಳಗೆ ತೂಗುಹಾಕಿದ ಥರ್ಮಾಮೀಟರನ್ನು ಕಿಟಕಿ ಗಾಜಿನಿಂದ ನೋಡಿ ಅಂಕಿ ಹೇಳುತ್ತಿದ್ದವಳು ನಾನು. ನಲವತ್ತು ದಾಟಿದ ಮೇಲೆ ಸಂಜೆಶಾಲೆಯಲ್ಲಿ ಅಕ್ಷರ ಕಲಿತಿದ್ದೆ. ಅಲ್ಲಿಯ ಸ್ಲೇಟನ್ನೇ ಬ್ಯಾರನ್ ಬಾಗಿಲಿಗೆ ನೇತುಹಾಕಿ ಹೊತ್ತುಹೊತ್ತಿಗೆ ಅಂಕಿ ಬರೆಯುತ್ತಿದ್ದೆ. ಮಾದೇಶ ಅದನ್ನು ನೋಡುತ್ತಲೇ ಇರಲಿಲ್ಲ.

“ನಿಮ್ ಸ್ಲೇಟು ಹೇಳೋದ್ನ ನನ್ ಮೂಗು ಆಗ್ಲೇ ಹೇಳ್ಬುಟ್ಟದೆ ಅಮ್ಮಾವ್ರೆ” ಅನ್ನುತ್ತಿದ್ದ.

ಜಂಬ ಅಲ್ಲ, ನಿಜ. ಅವನು ಉರಿ ಹಾಕಿದ ಸೊಪ್ಪು ನಿಂಬೆಹಣ್ಣಿನ ಬಣ್ಣಕ್ಕೆ ಬರುತ್ತಿತ್ತು. ಪಿರಿಯಾಪಟ್ಟಣದ ಕಡೆಯವರು ಅವನನ್ನು ಎಳೆದುಕೊಳ್ಳಲು ಎಷ್ಟೋ ಸಲ ಬಂದು ಹೋಗಿದ್ದರು. ಉರಿ ಹಾಕುವವನಿಗೆ ಅವನ ಹೆಸರೇ ಬಂಡವಾಳ. ಬ್ಯಾರನ್ ಸುಟ್ಟವನು ಅಂತ ಒಂದು ಸಲ ಮಾತು ಹುಟ್ಟಿದರೆ ಈ ನಾಲ್ಕು ತಾಲ್ಲೂಕಿನಲ್ಲಿ ಯಾರೂ ಅವನ ಕೈಗೆ ಒಲೆ ಒಪ್ಪಿಸುವುದಿಲ್ಲ.

ಎರಡು ವರ್ಷದ ಹಿಂದೆ, ಶ್ರಾವಣದ ಮೂರನೇ ಕಟಾವು. ಆರುನೂರು ಕಡ್ಡಿ ಸೊಪ್ಪು ಕಟ್ಟಿ ಶೆಡ್ಡಿನಲ್ಲಿ ಜೋಡಿಸಿದ್ದೆವು. ಏರಿಸುವ ಮುಂಚೆ ಬ್ಯಾರನ್ ಒಳಗೆ ಗುಡಿಸುವುದು ನನ್ನ ಕೆಲಸ. ಪೈಪಿನ ಅಡಿಯಲ್ಲಿ ಹಳೆಯ ಎಲೆಚೂರು ಸೇರಿಕೊಂಡಿರುತ್ತದೆ. ಅದನ್ನು ಮಂಡಿಯೂರಿ ಕೈಯಲ್ಲೇ ಬಾಚಬೇಕು. ಪೈಪು ಬಾಗುವ ಎರಡನೇ ತಿರುವಿನ ಹತ್ತಿರ ಕೈ ಹಾಕಿ ಬಾಚುವಾಗ ಪೈಪಿನ ಪಕ್ಕೆ ತಗುಲಿತು. ತಗಡು ಹಪ್ಪಳದ ಹಾಗೆ ಮುರಿದು ನನ್ನ ಎರಡು ಬೆರಳು ಒಳಗೆ ಹೋದವು. ತೆಗೆದು ನೋಡಿದರೆ ಬೆರಳಿಗೆ ಮಸಿ. ತುಕ್ಕು ತಿಂದು ತೂತಾಗಿತ್ತು; ಮೇಲೆ ನಿಂತು ನೋಡಿದರೆ ಕಾಣದ ಜಾಗ.

ಮಣ್ಣು ಮೆತ್ತಿದರೆ ನಿಲ್ಲುವಂಥದ್ದಲ್ಲ. ಪೈಪ್ ಕೆಂಪಗೆ ಕಾದಾಗ ಮಣ್ಣು ಬಿರಿದು ಉದುರುತ್ತದೆ. ಪೈಪನ್ನು ಬಿಚ್ಚಿ ಹುಣಸೂರಿಗೆ ಒಯ್ದು ತಗಡು ಹಾಕಿಸಿ ತರಬೇಕು. ಎರಡು ದಿನ ಬೇಕು.

ನನ್ನ ಯಜಮಾನರು ಅವತ್ತು ಊರಲ್ಲಿರಲಿಲ್ಲ. ಕೆ.ಆರ್. ನಗರದಲ್ಲಿ ಅವರ ಸೋದರಮಾವನ ಮೊಮ್ಮಗಳ ಮದುವೆ. ಬರುವುದು ಮಾರನೆಯ ದಿನ. ನಾನು ಸೆರಗಿಗೆ ಕೈ ಒರೆಸಿಕೊಂಡು ಶೆಡ್ಡಿಗೆ ಬಂದೆ. ಭಾವನವರು ಸೌದೆ ರಾಶಿಯ ಹತ್ತಿರ ಕೂತಿದ್ದರು. ಮಾದೇಶ ಅವರ ಹಿಂದೆ ನೀಲಗಿರಿ ಸೌದೆ ಸೀಳುತ್ತಿದ್ದ. ನಾನು ಕಂಬದ ಕಡೆ ತಿರುಗಿದೆ.

“ಎರಡ್ನೇ ತಿರುವಲ್ಲಿ ಪೈಪ್ ತೂತಾಗ್ಬುಟ್ಟದೆ. ಎರಡು ಬೆರಳು ತೂರ್ತವೆ. ಇಂಗೇ ಉರಿ ಹಾಕುದ್ರೆ ಕಿಡಿ ಆಚೆ ಬತ್ತದೆ.”

ಸ್ಪಷ್ಟವಾಗಿ ಹೇಳಿದೆ. ಯಾವಾಗಲೂ ಹೇಳುವುದಕ್ಕಿಂತ ಸ್ವಲ್ಪ ಜೋರಾಗಿಯೇ ಹೇಳಿದೆ. ಸುಣ್ಣ ಸವರುತ್ತಿದ್ದ ಭಾವನವರ ಬೆರಳು ಎಲೆಯ ಮೇಲೆ ನಿಂತಿತು. ಕೊಡಲಿಯ ಸದ್ದೂ ಒಂದು ಗಳಿಗೆ ನಿಂತಿತು. ಆಮೇಲೆ ಎರಡೂ ಮತ್ತೆ ಶುರುವಾದವು.

ಎಲೆ ಮಡಿಚಿ ಬಾಯಿಗಿಟ್ಟುಕೊಂಡು ಭಾವನವರು ಗಾಳಿಗೆ ಹೇಳಿದರು: “ಸೊಪ್ಪು ರಾಶೀಲಿ ಬಿಸಿ ಆಗ್ತಾ ಅದೆ. ನಾಳೀಕೆ ಅಂದ್ರೆ ಕಪ್ಪಾಯ್ತದೆ. ಇವತ್ತೇ ಏರಿಸ್ಬೇಕು.”

ಮಾತು ಅಷ್ಟೇ. ತೂತಿನ ಸುದ್ದಿಯನ್ನು ಎತ್ತಲಿಲ್ಲ. ನಾನು ನನ್ನಷ್ಟಕ್ಕೆ ಅರ್ಥ ಮಾಡಿಕೊಂಡೆ: ಏರಿಸುವುದು ಇವತ್ತು, ಸಣ್ಣ ಉರಿಗೆ ತೊಂದರೆ ಇಲ್ಲ, ಜೋರು ಉರಿಗೆ ಮುಂಚೆ ಏನೋ ಮಾಡುತ್ತಾರೆ. ಎಲ್ಲ ತಿಳಿದವರು, ನನಗಿಂತ ಹೆಚ್ಚು ಬ್ಯಾರನ್ ಕಂಡವರು. ನನ್ನ ಕೆಲಸ ಹೇಳುವುದು. ಹೇಳಿದ್ದಾಯಿತು.

ಇದನ್ನು ಬರೆಯುವಾಗಲೂ ಕೈ ಇಲ್ಲಿ ನಿಲ್ಲುತ್ತದೆ. ಮಾದೇಶ ಹತ್ತು ಹೆಜ್ಜೆ ಆಚೆ ಇದ್ದ. ಅವನ ಜೊತೆ ಮಾತಾಡಲು ನನಗೆ ಯಾವ ಕಟ್ಟಳೆಯೂ ಅಡ್ಡ ಇರಲಿಲ್ಲ. ದಿನಕ್ಕೆ ನೂರು ಸಲ ‘ಬಾರಪ್ಪ, ಹೋಗಪ್ಪ’ ಅನ್ನುತ್ತಿದ್ದವಳು. ‘ಮಾದೇಶ, ಬಾ ಇಲ್ಲಿ, ಬಗ್ಗಿ ಈ ತೂತು ನೋಡು’ ಅನ್ನಲು ಎಷ್ಟು ಹೊತ್ತು ಬೇಕಿತ್ತು? ಆದರೆ ಭಾವನವರಿಗೆ ಕೇಳಿಸುವಂತೆ ಹೇಳಿದ ಮೇಲೆ ಮತ್ತೆ ಆಳಿಗೆ ಹೇಳಿದರೆ, ಅವರ ತಲೆ ಮೇಲೆ ಕಾಲಿಟ್ಟು ದಾಟಿದಂತೆ. ಕಿರಿಸೊಸೆ ಯಜಮಾನಿಕೆ ಮಾಡಿದಳು ಅನ್ನುತ್ತಾರೆ. ನನ್ನ ಹೆಸರಿನ ಆಸೆ ನನ್ನ ಬಾಯಿ ಹಿಡಿಯಿತು. ಬಾಗಿಲಿನಲ್ಲಿ ಸ್ಲೇಟೂ ನೇತಾಡುತ್ತಿತ್ತು. ಅದರ ಮೇಲೆ ಅಂಕಿ ಬರೆಯುತ್ತಿದ್ದೆನೇ ಹೊರತು ಮಾತನ್ನೂ ಬರೆಯಬಹುದು ಅಂತ ಹೊಳೆಯಲಿಲ್ಲ.

ಮಾರನೆಯ ದಿನ ಯಜಮಾನರು ಬಂದರು. ಅಷ್ಟೊತ್ತಿಗೆ ಒಲೆ ಹೊತ್ತಿಸಿ ಒಂದು ಹಗಲು ಕಳೆದಿತ್ತು. ಊಟಕ್ಕೆ ಕೂತಾಗ ಅವರಿಗೆ ಹೇಳಿದೆ.

“ಅಣ್ಣಂಗೆ ಕೇಳ್ಸೋ ಹಂಗೆ ಹೇಳ್ದಾ?” ಅಂತ ಕೇಳಿದರು.

“ಹೇಳ್ದೆ. ಕೇಳಿಸ್ಕಂಡ್ರು.”

“ಅಂಗಾರೆ ಬುಡು ಮತ್ತೆ. ಅವ್ನಿಗೆ ಗೊತ್ತಿರ್ತದೆ. ನಾನೂ ಹೋಗಿ ಹೇಳುದ್ರೆ, ಹೆಂಡ್ತಿ ಮಾತ ಕಟ್ಕೊಂಡು ಬಂದ ಅಂತಾನೆ. ಇನ್ನೊಸಿ ಸಾರು ಬುಡು.”

ನಾನು ಸಾರು ಬಡಿಸಿದೆ.

ಐದನೆಯ ದಿನ, ಬೆಳಿಗ್ಗೆ ಹನ್ನೊಂದರ ಹೊತ್ತು. ಜೋರು ಉರಿ ಹಾಕಿ ನಾಲ್ಕು ಗಂಟೆ ಆಗಿತ್ತು. ನಾನು ಕಿಟಕಿಯ ಹತ್ತಿರ ಅಂಕಿ ನೋಡಲು ಹೋದೆ. ಗಾಜಿನ ಆಚೆ ಥರ್ಮಾಮೀಟರಿನ ಮೇಲೆ ಕಣ್ಣು ನಿಲ್ಲಲಿಲ್ಲ. ಅದರ ಹಿಂದೆ ಎರಡನೇ ತಿರುವಿನ ಹತ್ತಿರ ಒಂದು ಎಲೆ ಉರಿಯುತ್ತಿತ್ತು. ಒಂದೇ ಎಲೆ, ದೀಪದ ಬತ್ತಿಯಂತೆ. ನಾನು ಕೂಗುವಷ್ಟರಲ್ಲಿ ಅದು ಮೇಲಿನ ಸಾಲಿಗೆ ಹತ್ತಿತ್ತು.

“ಮಾದೇಶಾ!”

ನೋಡಿ, ಅವತ್ತು ನೇರ ಕರೆಯಲು ನನಗೆ ಬಾಯಿ ಬಂತು.

ಅವನು ಓಡಿ ಬಂದ. ಬಾಗಿಲು ತೆಗೆಯಲಿಲ್ಲ, ತೆಗೆದರೆ ಗಾಳಿ ನುಗ್ಗುತ್ತದೆ ಅಂತ ಅವನಿಗೆ ಗೊತ್ತು. ಒಲೆಯ ಬಾಯಿಗೆ ಹೋಗಿ, ಒಳಗೆ ಉರಿಯುತ್ತಿದ್ದ ಸೌದೆಯನ್ನು ಆಚೆ ಎಳೆಯತೊಡಗಿದ. ಬಿಸಿ ನಿಂತರೆ ಏನಾದರೂ ಉಳಿದೀತು ಅಂತ. ಕೊಕ್ಕೆ ಎಲ್ಲಿತ್ತೋ, ಹುಡುಕಲು ನಿಲ್ಲಲಿಲ್ಲ. ಬರಿಗೈಯಲ್ಲಿ ಎಳೆದ. ಶೃತಿ ಅವನ ಅಂಗಿ ಹಿಡಿದು ಜಗ್ಗುತ್ತಿದ್ದಳು, “ಬುಡೂ, ಬುಡು ಅಂತೀನಿ, ಯಾರಪ್ಪನ ಸೊಪ್ಪು ಅದು!” ಅಂತ ಕಿರುಚುತ್ತಿದ್ದಳು. ಅವನು ಬಿಡಲಿಲ್ಲ. ಆರು ಕೊರಡು ಎಳೆದು ಹಾಕಿದ. ಏಳನೆಯದಕ್ಕೆ ಕೈ ಹಾಕುವಾಗ ಬ್ಯಾರನ್ನಿನ ಹೆಂಚು ಪಟಪಟ ಸಿಡಿಯಲು ಶುರುವಾಯಿತು.

ಹುಣಸೂರಿನಿಂದ ಬೆಂಕಿ ಆರಿಸುವ ಗಾಡಿ ಬರುವ ಹೊತ್ತಿಗೆ ನಾಲ್ಕು ಗೋಡೆ ಉಳಿದಿತ್ತು. ಶೆಡ್ಡೂ ಹೋಯಿತು. ಕಲ್ಲುಕಂಬ ಮಾತ್ರ ಕಪ್ಪಗೆ ನಿಂತಿತ್ತು.

ಮಾದೇಶನ ಎರಡೂ ಅಂಗೈ ಬೆಂದುಹೋಗಿತ್ತು. ಮೈಸೂರಿನ ಆಸ್ಪತ್ರೆಯಲ್ಲಿ ಹದಿನೆಂಟು ದಿನ ಇದ್ದ. ಅವನು ವಾಪಸು ಬರುವಷ್ಟರಲ್ಲಿ ಊರಿನಲ್ಲಿ ಮಾತು ಹಬ್ಬಿ ಹಳೆಯದಾಗಿತ್ತು: ಮಾದೇಶ ಉರಿ ಜಾಸ್ತಿ ಮಾಡಿದ, ಸಿದ್ದಮಲ್ಲಪ್ಪನವರ ಬ್ಯಾರನ್ ಸುಟ್ಟ. ಯಾರು ಮೊದಲು ಹೇಳಿದರೋ ಗೊತ್ತಿಲ್ಲ. ಭಾವನವರು ಹೇಳಿರಬಹುದು; ಹಾಗಲ್ಲ ಅಂತ ಅವರು ಅಂದದ್ದನ್ನಂತೂ ಯಾರೂ ಕೇಳಿಲ್ಲ.

ನ್ಯಾಯ ಕೇಳಿದವನು ಮಾದೇಶನೇ. ಒಂದು ಸೋಮವಾರ ಮಧ್ಯಾಹ್ನ ನಮ್ಮ ಜಗಲಿಯ ಮೇಲೆ ಊರ ಹಿರಿಯ ನಂಜಣ್ಣನವರು ಬಂದು ಕೂತರು. ಅಕ್ಕಪಕ್ಕದ ಏಳೆಂಟು ಮಂದಿ ಬ್ಯಾರನ್ ಇಟ್ಟುಕೊಂಡವರೂ ಬಂದಿದ್ದರು. ಮಾದೇಶ ಅಂಗಳದಲ್ಲಿ ನಿಂತಿದ್ದ. ಎರಡು ಕೈಗೂ ಬಿಳಿ ಬಟ್ಟೆ ಸುತ್ತಿತ್ತು. ನೀರು ಕೊಟ್ಟರೆ ಶೃತಿ ಲೋಟ ಹಿಡಿದು ಕುಡಿಸಬೇಕಿತ್ತು.

ನಂಜಣ್ಣನವರು ಕೇಳಿದರು, “ಏನ್ಲಾ ಮಾದೇಶ, ಏನ್ ಬೇಕು ನಿಂಗೆ? ಸಿದ್ದಮಲ್ಲಪ್ಪ ಆಸ್ಪತ್ರೆಗೆ ಕಟ್ಟವ್ನೆ. ಅನ್ಯಾಯ ಏನೂ ಮಾಡಿಲ್ವಲ್ಲ.”

“ನಂಗೇನೂ ಬ್ಯಾಡಿ ಬುದ್ಧಿ. ಮಾದೇಶ ಸುಟ್ಟ ಅಂತ ಮಾತ್ರ ಅನ್ಬ್ಯಾಡಿ. ಪೈಪಲ್ಲಿ ತೂತಿತ್ತು, ಅದುಕ್ಕೆ ಬೆಂಕಿ ಹತ್ಕಂತು ಅಂತ ಈ ಜನದ ಮುಂದೆ ಒಂದ್ಸಲ ಹೇಳ್ಬುಡಿ. ಸಾಕು. ನಾ ಬದಿಕ್ಕತೀನಿ.”

“ತೂತಿದ್ರೆ ಉರಿ ಹಾಕೋನು ನೋಡ್ಬೇಕಾದ್ದು ನೀನು ಕಣ್ಲಾ” ಅಂದರು ಭಾವನವರು. ದನಿ ಏರಿಸಲಿಲ್ಲ. “ಒಂಬತ್ತು ವರ್ಷ ಉರಿ ಹಾಕ್ದೋನು. ನಂಗೆ ಯಾರು ಬಂದು ಹೇಳುದ್ರು? ನೀ ಹೇಳ್ದಾ?”

ಮಾದೇಶ ನೆಲ ನೋಡಿದ. “ಇಲ್ಲ ಬುದ್ಧಿ.”

“ಇನ್ಯಾರಾರಾ ಹೇಳುದ್ರಾ?”

ಅವನು ನೆಲದಿಂದ ಕಣ್ಣೆತ್ತಲಿಲ್ಲ. ನಾನು ಬಾಗಿಲ ಹಿಂದೆ ನಿಂತಿದ್ದೆ. ನನ್ನ ಪಕ್ಕದಲ್ಲಿ ಮಂಗಳಗೌರಿ ಅಕ್ಕ. ಅವಳಿಗೆ ನನ್ನ ಮುಖ ಕಂಡಿರಬೇಕು. ನನ್ನ ಮುಂಗೈ ಹಿಡಿದುಕೊಂಡು, “ಬ್ಯಾಡ ಕಣಮ್ಮಿ, ಗಂಡಸ್ರು ನ್ಯಾಯ” ಅಂದಳು. ನಾನು ಕೈ ಬಿಡಿಸಿಕೊಂಡು ಹೊಸಿಲು ದಾಟಿ ಬಂದೆ. ಜಗಲಿಯ ಮೇಲೆ, ಅಷ್ಟು ಗಂಡಸರ ನಡುವೆ, ಭಾವನವರ ಎದುರಿಗೇ ನಿಂತೆ. ಮೂವತ್ತೊಂದು ವರ್ಷದಲ್ಲಿ ಅವರ ಮುಖವನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಎಡಗೆನ್ನೆಯ ಮೇಲೆ ಒಂದು ಮಚ್ಚೆ ಇರುವುದು ಅವತ್ತೇ ಗೊತ್ತಾಯಿತು.

“ಭಾವ, ನಾನು ಹೇಳಿದ್ದೆ. ಸೊಪ್ಪು ಏರಿಸೋಕೆ ಮುಂಚೆ ಹೇಳಿದ್ದೆ. ನೀವು ಕೇಳಿಸ್ಕಂಡ್ರಿ.”

ಯಾರೋ ಕೆಮ್ಮಿದರು. ನನ್ನ ಯಜಮಾನರು ಮೂಲೆಯಲ್ಲಿ ಕೂತಿದ್ದವರು ತಲೆ ಬಗ್ಗಿಸಿದರು.

ಭಾವನವರು ನನ್ನ ಕಡೆ ನೋಡಲಿಲ್ಲ. ನಂಜಣ್ಣನವರ ಕಡೆ ತಿರುಗಿ ಮೆಲ್ಲಗೆ ಕೇಳಿದರು: “ನಂಜಣ್ಣ, ಇಲ್ಲಿರೋರೆಲ್ಲ ಊರೋರೇ. ನನ್ ತಮ್ಮ ಚನ್ನಬಸವಣ್ಣನ ಹೆಂಡ್ತಿ ಈ ಮನೆಗೆ ಬಂದಾಗ್ಲಿಂದ ನನ್ ಕೂಡೆ ಒಂದು ಮಾತಾಡವ್ಳಾ? ಯಾರಾರಾ ಕಂಡಿದ್ರೆ ಹೇಳ್ಲಿ.”

ಎಲ್ಲರೂ ಒಟ್ಟಿಗೆ ಹೇಳಿದರು. ಇಲ್ಲ ಇಲ್ಲ. ಅಂಥ ಹೆಣ್ಣು ಸಿಗಲ್ಲ. ಭಾವನ ನೆರಳು ತುಳಿದೋಳಲ್ಲ. “ನಮ್ಮನೆ ಸೊಸೇರ್ಗೆ ದಿನಾ ಇದ್ನೇ ಹೇಳ್ತೀನಿ, ಹೋಗಿ ಗುರುಶಾಂತಮ್ಮನ್ನ ನೋಡಿ ಕಲ್ತ್ಕಳ್ರವ್ವ ಅಂತ” ಅಂದ ಒಬ್ಬ. ಇನ್ನೊಬ್ಬ ಅತ್ತೆಯವರನ್ನೂ ಸೇರಿಸಿ ಹೊಗಳಿದ. ಹೊಗಳಿ ಹೊಗಳಿಯೇ ನನ್ನ ಬಾಯಿಗೆ ಮಣ್ಣು ಹಾಕಿದರು.

“ಕಂಬಕ್ಕೆ ಹೇಳ್ದೆ. ಅವ್ರು ಅಲ್ಲೇ ಕುಂತಿದ್ರು” ಅಂದೆ. ಹೇಳುವಾಗಲೇ ಅದು ಎಷ್ಟು ಪೊಳ್ಳಾಗಿ ಕೇಳುತ್ತದೆ ಅಂತ ನನಗೇ ಗೊತ್ತಾಯಿತು.

ನಂಜಣ್ಣನವರು ಒಳ್ಳೆಯ ಮನುಷ್ಯರು. ಕೆಟ್ಟದಾಗಿ ಏನೂ ಅನ್ನಲಿಲ್ಲ. ನಕ್ಕರು, ಅಷ್ಟೇ. “ತಾಯಿ, ಕಂಬಕ್ಕೆ ಹೇಳಿದ್ದಾದ್ರೆ ನಾನು ಕಂಬನೇ ಕರೆಸ್ಬೇಕಾಯ್ತದಲ್ಲವ್ವ ಸಾಕ್ಷಿಗೆ. ಆಳಿನ ಮೇಲೆ ನಿಮಗೆ ಕರುಣೆ ಅದೆ, ಒಪ್ಕತೀನಿ. ದೊಡ್ ಮನ್ಸು. ಒಳಗೋಗಿ.”

ಎಲ್ಲರೂ ನಕ್ಕರು. ನಾನು ಮಾದೇಶನ ಕಡೆ ನೋಡಿದೆ. ಅವನು ಅಲ್ಲೇ ಸೌದೆ ಸೀಳುತ್ತಿದ್ದವನು. ನನ್ನ ಮಾತಿಗೆ ಕೊಡಲಿ ನಿಂತದ್ದು ನನಗೆ ನೆನಪಿತ್ತು. ಒಂದು ಮಾತು ಅಂದರೆ ಸಾಕಿತ್ತು: ‘ಹೌದು, ನಾನೂ ಕೇಳಿಸ್ಕಂಡೆ.’ ಅವನು ನನ್ನ ಕಣ್ಣು ತಪ್ಪಿಸಿ ಶೃತಿಯ ಕಡೆ ನೋಡಿದ. ಶೃತಿ ಬೇರೆ ಕಡೆ ನೋಡಿದಳು.

ನಾನು ಒಳಗೆ ಹೋದೆ. ಮಾದೇಶ, ಶೃತಿ ಅವತ್ತೇ ಬಸ್ ಹತ್ತಿದರು. ಆ ಸಂಜೆ ಯಜಮಾನರು ಒಂದೇ ಒಂದು ಮಾತು ಅಂದರು, “ಯಾಕಮ್ಮಿ ಆಚೆ ಬಂದೆ?” ನಾನು ದೀಪ ಹಚ್ಚಲು ಎದ್ದು ಹೋದೆ. ಕಂಬಕ್ಕೆ ಅವತ್ತಿನಿಂದ ಏನೂ ಹೇಳಿಲ್ಲ.

ಮುಂದಿನ ವರ್ಷ ಹೊಸ ಬ್ಯಾರನ್ ಎದ್ದಿತು. ಹೊಸ ಪೈಪು, ಹೊಸ ಹೆಂಚು. ಉರಿ ಹಾಕಲು ಬೇರೆಯವನು ಬಂದ. ಸೊಪ್ಪು ಏರಿಸುವ ದಿನ ನಾನು ಗುಡಿಸಿ ಆಚೆ ಬಂದೆ. ಭಾವನವರು ಆಚೆ ಈಚೆ ನೋಡಿ, ಒಳಗೆ ಹೋಗಿ, ಆ ವಯಸ್ಸಿನಲ್ಲಿ ಮಂಡಿಯೂರಿ, ಎರಡನೇ ತಿರುವಿನ ಅಡಿಗೆ ಕೈ ಹಾಕಿ ತಡವಿದರು. ಹೊಚ್ಚಹೊಸ ಪೈಪು. ತೂತು ಎಲ್ಲಿತ್ತು ಅಂತ ಅವರಿಗೆ ಹೇಳಿದವರು ಯಾರು? ಎದ್ದು ತಿರುಗಿದಾಗ ಬಾಗಿಲಲ್ಲಿ ನಾನಿದ್ದೆ. ಅವರು ಪಂಚೆ ಕೊಡವಿಕೊಂಡು ನನ್ನನ್ನು ದಾಟಿ ಹೋದರು.

ನಾನು ಹೊಸ ಉರಿಯವನನ್ನು ಕರೆದು, ಕೈ ಹಿಡಿದು ಕೂರಿಸಿ, ಎಲ್ಲ ತಿರುವುಗಳನ್ನೂ ಒಂದೊಂದಾಗಿ ತಡವಿಸಿದೆ. “ಏನಮ್ಮಾವ್ರೆ, ಹೊಸಾ ಪೈಪಲ್ವಾ?” ಅಂತ ಅವನು ನಕ್ಕ. “ಆದ್ರೂ ನೋಡು” ಅಂದೆ. ಅಷ್ಟು ಸುಲಭವಿತ್ತು.

ಆ ಕಾರ್ತಿಕದಲ್ಲಿ ಅಂತರಸಂತೆಗೆ ಹೋದೆ. ಯಜಮಾನರಿಗೆ ಎಚ್.ಡಿ. ಕೋಟೆಯಲ್ಲಿ ನಂಟರ ಮನೆಗೆ ಅಂತ ಹೇಳಿದ್ದೆ. ಎರಡು ಬಸ್ ಬದಲಾಯಿಸಿ ಇಳಿದಾಗ ಬಿಸಿಲು ಏರಿತ್ತು. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಬಾಯಲ್ಲೇ ಉರು ಹೊಡೆದಿದ್ದೆ. ‘ಮಾದೇಶ, ತಪ್ಪು ನಂದು. ಮೊದಲು ನಿನಗೇ ಹೇಳಬೇಕಿತ್ತು.’ ನೇರವಾಗಿ, ಮುಖ ನೋಡಿ, ಬೇರೆ ಮಾತು ಸೇರಿಸದೆ.

ಮಾದೇಶ ಮನೆಯಲ್ಲೇ ಇದ್ದ. ಸುಟ್ಟ ಚರ್ಮ ಬಿಗಿದುಕೊಂಡು ಬಲಗೈ ಬೆರಳು ಅರ್ಧ ಮಡಚಿಯೇ ನಿಂತಿದ್ದವು; ಅಂಗೈ ಪೂರ್ತಿ ಬಿಚ್ಚುವುದೂ ಇಲ್ಲ, ಮುಚ್ಚುವುದೂ ಇಲ್ಲ. ಮತ್ತೊಂದು ಸೊಪ್ಪಿನ ಕಾಲ ಪೂರ್ತಿ ಕಳೆದಿತ್ತು, ಒಬ್ಬರೂ ಕರೆದಿರಲಿಲ್ಲ. ಕೇರಳದವರು ಗುತ್ತಿಗೆಗೆ ಹಿಡಿದ ಶುಂಠಿ ಹೊಲದಲ್ಲಿ ಹಂದಿ, ಆನೆ ಬಾರದಂತೆ ಕಾಯುವ ಕೆಲಸ ಹಿಡಿದಿದ್ದ. “ತಗಡು ಬಡಿಯೋದಲ್ವಾ ಅಮ್ಮಾವ್ರೆ, ಅದುಕ್ಕೆ ಈ ಕೈ ಸಾಕು” ಅಂದ. ನಗುತ್ತಲೇ ಅಂದ.

ಶೃತಿ ಬಾಗಿಲ ಹತ್ತಿರ ಅವರೆಕಾಯಿ ಸುಲಿಯುತ್ತಿದ್ದಳು. ನನ್ನನ್ನು ಕಂಡು ಏಳಲಿಲ್ಲ. ಬನ್ನಿ ಅನ್ನಲಿಲ್ಲ. ಮಾದೇಶನೇ ಚಾಪೆ ಹಾಸಲು ಹೋಗಿ, ಬೆರಳಿಗೆ ಸಿಗದೆ, ಮಂಡಿಯಲ್ಲಿ ಒತ್ತಿ ಬಿಡಿಸಿದ. ಕೂತೆ. ಉರು ಹೊಡೆದ ಮಾತನ್ನು ಹಾಗೇ ಒಪ್ಪಿಸಿದೆ. ಕೊನೆಗೆ, “ನೀನು ಅಲ್ಲೇ ಇದ್ದೆ ಕಣಪ್ಪ. ನಿಂಗೇ ಹೇಳ್ಬುಟ್ಟಿದ್ರೆ ಮುಗೀತಿತ್ತು” ಅಂದೆ.

ಮಾದೇಶ ತನ್ನ ಕೈ ನೋಡಿಕೊಂಡ.

“ನಂಗೂ ಕೇಳಿಸ್ತು ಅಮ್ಮಾವ್ರೆ” ಅಂದ.

“ಗೊತ್ತು. ಕೊಡ್ಲಿ ನಿಲ್ಸಿದ್ದೆ.”

“ನಿಲ್ಸಿದ್ದೆ. ನಂಗೆ ಹೇಳಿದ್ದಲ್ವಲ್ಲ ಅಂತ ಮತ್ತೆ ಸೀಳ್ದೆ. ನೀವು ಬುದ್ಧಿಯೋರ್ಗೆ ಹೇಳ್ತಿದ್ರಿ. ಮನೆಯೋರು ಮಾತು. ಅವ್ರು ನೋಡ್ಕತಾರೆ, ಬ್ಯಾಡ ಅಂದ್ರೆ ನಿಲ್ಸ್ತಾರೆ ಅಂದ್ಕಂಡೆ. ಮಾರ್ನೇ ದಿನ ಉರಿ ಹಾಕ್ಲಾ ಅಂದೆ. ಹಾಕು ಅಂದ್ರು. ನೋಡೇ ಹಾಕು ಅಂದವ್ರೆ ಅಂದ್ಕಂಡೆ.”

“ನ್ಯಾಯದಲ್ಲಿ ಯಾಕಪ್ಪ ಹೇಳ್ನಿಲ್ಲ? ನಾನು ನಿನ್ ಮುಖನೇ ನೋಡ್ದೆ.”

“ಎಂಗೇಳ್ಲಿ? ಕೇಳಿಸ್ಕಂಡೂ ಉರಿ ಹಾಕ್ದೆ ಅಂದಂಗಾಯ್ತದೆ. ಗೊತ್ತಿಲ್ದೆ ಸುಟ್ಟ ಅನ್ನೋದ್ಕಿಂತ ಗೊತ್ತಿದ್ದೂ ಸುಟ್ಟ ಅನ್ನೋದು ಒಳ್ಳೇ ಹೆಸ್ರಾ?”

ಅವತ್ತು ಆ ಶೆಡ್ಡಿನಲ್ಲಿ ಒಂದು ಮಾತು ಆಡಿದ್ದೆ. ಅದು ಭಾವನವರಿಗೆ ಕೇಳಿಸಿತು, ಮಾದೇಶನಿಗೆ ಕೇಳಿಸಿತು. ಮಾರನೆಯ ದಿನ ಯಜಮಾನರಿಗೂ ಕೇಳಿಸಿತು. ಕೇಳಿಸದವರು ಯಾರೂ ಇರಲಿಲ್ಲ. ಆದರೆ ನಾನು ಯಾರಿಗೂ ಹೇಳಿರಲಿಲ್ಲ.

ಶೃತಿ ಸುಲಿದ ಕಾಳನ್ನು ಮೊರಕ್ಕೆ ಸುರಿದಳು. ನನ್ನ ಕಡೆ ನೋಡದೆ, ತಾನು ಒರಗಿದ್ದ ಬಾಗಿಲ ಕಂಬದ ಕಡೆ ಮುಖ ತಿರುಗಿಸಿದಳು. ದನಿ ಏರಿಸಲಿಲ್ಲ, ಇಳಿಸಲೂ ಇಲ್ಲ.

“ಎರಡು ಗಂಟೆ ಬಸ್ಸು ಬರೋ ಹೊತ್ತಾಯ್ತು. ಬಂದೋರು ಅದ್ನ ಬುಟ್ರೆ ಆಮ್ಯಾಕೆ ಸಂಜೆಗಂಟ ಬಸ್ಸಿಲ್ಲ.”

“ಏಯ್, ಶೃತಿ!” ಅಂದ ಮಾದೇಶ. ಅವಳು ಇನ್ನೊಂದು ಕಾಯಿ ಎತ್ತಿಕೊಂಡು ಸುಲಿಯಲು ಶುರು ಮಾಡಿದಳು.

ನನಗೆ ಕೇಳಿಸಿತು. ಎದ್ದೆ.